ಅವ್ವನ ಕುಂಚಿಗೆ

ನಿಮ್ಮ ಮನೆಯಲ್ಲಿಯೂ ಒಂದು ಹಳೆಯ ಟ್ರಂಕು ಇದ್ದೇ ಇರಬೇಕು. ಅದರ ತಳದಲ್ಲಿ, ಯಾರ ಮದುವೆಯದೋ ಧೋತರದ ಅಡಿಯಲ್ಲಿ, ಬಿಳಿಯ ಬಟ್ಟೆಯಲ್ಲಿ ಸುತ್ತಿಟ್ಟ ಒಂದು ಗಂಟು ಇರುತ್ತದೆ. ವರ್ಷಕ್ಕೊಮ್ಮೆ ಗಾಳಿಗೆ ಹಾಕುವಾಗ ಅದು ಹೊರಕ್ಕೆ ಬರುತ್ತದೆ. ಮಕ್ಕಳು ಮುಟ್ಟಹೋದರೆ, “ಅದನ್ನು ಬಿಡು, ಅದು ಅಜ್ಜಿ ಮಾಡಿದ್ದು” ಎಂದು ಹಿರಿಯರು ಗದರುತ್ತಾರೆ. ಸಂಜೆಗೆ ಗಂಟು ಮತ್ತೆ ಟ್ರಂಕು ಸೇರುತ್ತದೆ. ಅಂತಹ ಒಂದು ಗಂಟಿನ ಸಂಗತಿಯನ್ನೇ ಇಂದು ನಿಮಗೆ ಹೇಳಬೇಕೆಂದಿದ್ದೇನೆ. ನಮ್ಮ ಮನೆಯ ಗಂಟಿನಲ್ಲಿರುವುದು ಒಂದು ಕುಂಚಿಗೆ.

ಕುಂಚಿಗೆ ಎಂದರೇನೆಂದು ಧಾರವಾಡದ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ: ಅದು ಎಳೆಯ ಕೂಸಿನ ತಲೆಗೆ ಹಾಕುವ ಟೊಪ್ಪಿಗೆ, ಆದರೆ ಬರಿಯ ಟೊಪ್ಪಿಗೆಯಲ್ಲ, ಅದರ ಹಿಂಬದಿ ಬೆನ್ನಿನ ಮೇಲೆ ಸೊಂಟದವರೆಗೂ ಇಳಿಬಿದ್ದಿರುತ್ತದೆ. ಗದ್ದದ ಕೆಳಗೆ ಕಟ್ಟಲು ಎರಡು ಕಸಿ. ಕೂಸಿಗೆ ಕಿವಿ ಬೆಚ್ಚಗೆ, ಬೆನ್ನೂ ಬೆಚ್ಚಗೆ. ಕೂಸನ್ನು ಹೆಗಲ ಮೇಲೆ ಹಾಕಿಕೊಂಡಾಗ ನೋಡುವವರ ಕಣ್ಣಿಗೆ ಬೀಳುವುದು ಆ ಬೆನ್ನೇ ಆದ್ದರಿಂದ, ಕಸೂತಿಯೆಲ್ಲ ಅಲ್ಲಿ. ಆನೆ, ನವಿಲು, ತೇರು, ಗೋಪುರ, ತುಳಸೀಕಟ್ಟೆ, ಯಾರಿಗೆ ಯಾವುದು ಬರುತ್ತದೆಯೋ ಅದು.

ಕಸೂತಿಯ ಹೆಸರು ಈಗ ದೂರದೂರದವರೆಗೆ ಹೋಗಿದೆ. ಈ ಶತಮಾನದ ಮೊದಲ ದಶಕದಲ್ಲಿ ಅದಕ್ಕೆ ಸರಕಾರದ ಭೌಗೋಳಿಕ ಗುರುತೂ ದೊರೆಯಿತು. ಅಂಗಡಿಯ ಗಾಜಿನ ಹಿಂದೆ ಅದನ್ನು ನೀವು ಕಂಡಿರಬಹುದು. ಆದರೆ ಅದನ್ನು ಹಾಕುವ ಬಗೆ ಎಲ್ಲರಿಗೂ ತಿಳಿದಿರಲಾರದು. ಅದು ತಿಳಿಯದೆ ನನ್ನ ಕಥೆ ಅರ್ಥವಾಗದು. ಆದ್ದರಿಂದ ಸ್ವಲ್ಪ ತಾಳ್ಮೆಯಿಂದ ಕೇಳಿರಿ.

ಕಸೂತಿಯಲ್ಲಿ ಮೊದಲು ಗೆರೆ ಬರೆದುಕೊಂಡು ಅದರ ಮೇಲೆ ಹೊಲಿಯುವುದಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸುತ್ತ ಹೋಗಬೇಕು. ಹೊಲಿಗೆಗಳು ನಾಲ್ಕು ಬಗೆ: ಗವಂತಿ, ಮುರಗಿ, ನೇಗಿ, ಮೆಂತೆ. ಮೆಂತೆ ಎಂದರೆ ಕತ್ತರಿಯಾಕಾರದ ಹೊಲಿಗೆ. ನೇಗಿ ನೇಯ್ಗೆಯಂತೆ ಕಾಣುವುದು. ಮುರಗಿ ಮೆಟ್ಟಿಲು ಮೆಟ್ಟಿಲಾಗಿ ಏರುವುದು. ನಮಗೆ ಬೇಕಾದದ್ದು ಗವಂತಿ. ಸೂಜಿ ಮೂರು ಎಳೆ ಮೇಲೆ, ಮೂರು ಎಳೆ ಕೆಳಗೆ ಎಂದು ಬಿಟ್ಟು ಬಿಟ್ಟು ಮುಂದೆ ಹೋಗುತ್ತದೆ. ಆಗ ಮೇಲ್ಮೈಯಲ್ಲಿ ಒಂದು ಹೊಲಿಗೆ, ಒಂದು ಖಾಲಿ ಜಾಗ, ಮತ್ತೆ ಒಂದು ಹೊಲಿಗೆ, ಹೀಗೆ ಕಾಣುತ್ತದೆ. ತುದಿ ಮುಟ್ಟಿದ ಮೇಲೆ ಅದೇ ದಾರ ಅದೇ ತೂತುಗಳಲ್ಲಿ ಹಿಂದಿರುಗಿ ಬರುತ್ತದೆ. ಬರುವಾಗ ಖಾಲಿ ಜಾಗಗಳನ್ನೆಲ್ಲ ತುಂಬುತ್ತದೆ. ಮುಂದೆಯೂ ಹಿಂದೆಯೂ ಗೆರೆ ಒಂದೇ ಸಮ. ಗಂಟು ಹಾಕುವ ಹಾಗಿಲ್ಲ. ಎಲ್ಲಿಂದ ಹೊರಟಿತ್ತೋ ಅಲ್ಲಿಗೇ ದಾರ ಬಂದು ಸೇರಬೇಕು.

ಇದು ನಮ್ಮಲ್ಲಿ ಮಾತ್ರ ಇರುವುದೆಂದು ನಾನು ಬಹಳ ದಿನ ಹೆಮ್ಮೆಪಟ್ಟಿದ್ದೆ. ಹಾಗಲ್ಲ. ಇಂಗ್ಲೆಂಡಿನ ಎಂಟನೆಯ ಹೆನ್ರಿಯ ಆಸ್ಥಾನದಲ್ಲಿ ಹಾನ್ಸ್ ಹೋಲ್‌ಬೈನ್ ಎಂಬ ಚಿತ್ರಕಾರನಿದ್ದ. ಅವನು 1536–37ರಲ್ಲಿ ಬರೆದ ರಾಣಿ ಜೇನ್ ಸೇಮರಳ ಚಿತ್ರ ಈಗ ವಿಯೆನ್ನಾದಲ್ಲಿದೆ. ಆ ರಾಣಿಯ ಮುಂಗೈಯ ಬಿಳಿ ಬಟ್ಟೆಯ ಮೇಲೆ ಕಪ್ಪು ದಾರದ ಸೂಕ್ಷ್ಮವಾದ ಕೆಲಸವನ್ನು ಕಾಣಬಹುದು. ಇದೇ ಹೋಗಿ ಬರುವ ಹೊಲಿಗೆಗೆ ಆ ಕಡೆಯವರು ಹೋಲ್‌ಬೈನನ ಹೆಸರನ್ನೇ ಇಟ್ಟಿದ್ದಾರೆ. ಹೊಲಿದ ಹೆಂಗಸರ ಹೆಸರು ಅಲ್ಲಿಯೂ ಉಳಿಯಲಿಲ್ಲ ನೋಡಿ. ಚಿತ್ರ ಬರೆದವನ ಹೆಸರು ಉಳಿಯಿತು!

ಇರಲಿ, ಧಾರವಾಡಕ್ಕೆ ಬರೋಣ. ನನಗೆ ಮೊದಲ ಬಸಿರು ಐದು ತಿಂಗಳಾಗಿದ್ದಾಗ ಅವ್ವ ಈ ಕುಂಚಿಗೆಗೆ ಕೈಹಚ್ಚಿದಳು. ಅವಳ ಮದುವೆಯ ಚಂದ್ರಕಾಳಿ ಸೀರೆ ಮಡಿಕೆಯ ಉದ್ದಕ್ಕೂ ಸೀಳಿತ್ತು. ಗಟ್ಟಿಯಿದ್ದ ಭಾಗವನ್ನು ಕತ್ತರಿಸಿ ತೆಗೆದಳು. ಕೂಸಿಗೆ ಕಪ್ಪು ಬಣ್ಣವೇ, ಎಂದು ನಾನು ಮೂಗು ಮುರಿದಾಗ, “ಕರೇದು ಇದ್ರ ದೃಷ್ಟಿ ತಾಗೂದಿಲ್ಲ” ಎಂದಳು. ನಾನು ಓದಿದವಳು, ನಕ್ಕೆ. ಹದಿನಾಲ್ಕನೆಯ ವಯಸ್ಸಿನಲ್ಲಿ ಅವಳು ನನ್ನ ಕೈಗೆ ಸೂಜಿ ಕೊಟ್ಟು ಕೂಡಿಸಿದಾಗಲೂ ಹೀಗೆಯೇ, “ಇವೆಲ್ಲ ಬಜಾರದಾಗ ಸಿಗತಾವಲ್ಲ” ಎಂದು ಎದ್ದುಹೋಗಿದ್ದೆ. ಅವಳು ಎರಡನೆಯ ಸಲ ಕರೆಯಲಿಲ್ಲ.

ಏಳನೆಯ ತಿಂಗಳಿಗೆ ನಾನು ತವರಿಗೆ ಬಂದೆ. ನಾನು ಬಂದ ಹನ್ನೊಂದನೆಯ ದಿನ ಅವ್ವ ಹೋದಳು. ಮೂರು ದಿನದ ಜ್ವರ, ಅಷ್ಟೆ.

ಕಾರ್ಯಗಳೆಲ್ಲ ಮುಗಿದು ನೆಂಟರು ಊರಿಗೆ ಮರಳಿದ ಮೇಲೆ ಅಪ್ಪ ಒಂದು ಬಿಸ್ಕೀಟಿನ ಡಬ್ಬಿಯನ್ನು ತಂದು ನನ್ನ ಮುಂದಿಟ್ಟರು. ಒಳಗೆ ಕುಂಚಿಗೆಯ ಬಟ್ಟೆ, ಕೆಂಪು, ಹಳದಿ, ಹಸಿರು ರೇಷ್ಮೆ ದಾರ. ಕೆಳಗಿನ ಆನೆಗಳು, ತುಳಸೀಕಟ್ಟೆಗಳು ಮುಗಿದಿದ್ದವು. ಅವುಗಳ ಮೇಲೆ ಮೂರು ಅಂತಸ್ತಿನ ಒಂದು ದೊಡ್ಡ ಗೋಪುರ. ಅದು ಮಾತ್ರ ಮಸಕು ಮಸಕಾಗಿ, ಇದ್ದೂ ಇಲ್ಲದಂತಿತ್ತು. ಹತ್ತಿರ ಹಿಡಿದಾಗ ತಿಳಿಯಿತು: ದಾರ ಹೋಗಿತ್ತು, ಬಂದಿರಲಿಲ್ಲ. ಕಳಸದ ತುದಿಯಲ್ಲಿ ಸೂಜಿ ಹಾಗೆಯೇ ಸಿಕ್ಕಿಸಿಟ್ಟಿತ್ತು.

ಮೂರು ಮನೆಯಾಚೆ ಒಬ್ಬ ಅಕ್ಕೋರು ಇದ್ದರು. ನಮ್ಮ ಕಡೆ ಸಾಲೆ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುವುದು ರೂಢಿ. ಹೆಣ್ಣುಮಕ್ಕಳ ಸಾಲೆಯಲ್ಲಿ ಹೊಲಿಗೆ ಕಲಿಸಿ ನಿವೃತ್ತರಾದವರು. ಮಾತು ಕಡಿಮೆ, ಮೊಣಕಾಲು ನೋವು ಹೆಚ್ಚು. ಡಬ್ಬಿಯನ್ನು ಎತ್ತಿಕೊಂಡು ಅವರ ಬಳಿಗೆ ಹೋದೆ. “ಅಕ್ಕೋರ, ಇದನ್ನ ನೀವ ಮುಗಿಸಿ ಕೊಡ್ರಿ, ನನಗ ಬರೂದಿಲ್ಲ” ಎಂದೆ. ಅವರು ಗೋಪುರವನ್ನು ನೋಡಲೇ ಇಲ್ಲ; ಬಟ್ಟೆಯನ್ನು ತಿರುವಿ ಹಾಕಿ ಬಹಳ ಹೊತ್ತು ಅದರ ಹಿಂಬದಿಯನ್ನು ನೋಡಿದರು. ಆಮೇಲೆ ಮಡಿಸಿ ನನ್ನ ಕೈಗೆ ಕೊಟ್ಟು ಹೇಳಿದರು: “ನಾ ಮುಗಿಸಿದ್ರ ಇದು ನಂದಾಕ್ಕೈತಿ. ನಿಮ್ಮವ್ವಂದೂ ಅಲ್ಲ, ನಿಂದೂ ಅಲ್ಲ. ನಾಳೆ ಮೂರಕ್ಕ ಬಾ, ತಂಗಿ. ಬೆಳಕು ಛಲೋ ಇರತೈತಿ.”

ನನಗೆ ಸಿಟ್ಟೇ ಬಂದಿತೆನ್ನಿ. ಏಳು ತಿಂಗಳ ಬಸುರಿ, ತಾಯಿಯನ್ನು ಕಳೆದುಕೊಂಡವಳು, ಬಾಯಿಬಿಟ್ಟು ಕೇಳಿದರೆ ಇವರದೇನು ಬಿಗುಮಾನ ಎಂದುಕೊಂಡೆ. ಆದರೂ ಮರುದಿನ ಮೂರು ಗಂಟೆಗೆ ಹೋದೆ.

ಕಪ್ಪು ಬಟ್ಟೆಯಲ್ಲಿ ಎಳೆ ಎಣಿಸುವುದೆಂದರೆ ಅಮಾವಾಸ್ಯೆಯ ರಾತ್ರಿ ಎಮ್ಮೆ ಹುಡುಕಿದ ಹಾಗೆ. ಅಕ್ಕೋರು ನನ್ನ ತೊಡೆಯ ಮೇಲೆ ಒಂದು ಬಿಳಿಯ ಪಂಚೆ ಹಾಸಿ, ಅದರ ಮೇಲೆ ಬಟ್ಟೆಯನ್ನು ಇಟ್ಟರು. ತಕ್ಷಣ ಎಳೆಗಳ ನಡುವಿನ ಸಂದುಗಳಲ್ಲಿ ಬಿಳುಪು ಇಣುಕಿ, ಒಂದೊಂದು ಎಳೆಯೂ ಬೇರೆ ಬೇರೆಯಾಗಿ ಕಂಡಿತು. ಕಪ್ಪು ಬಟ್ಟೆಯ ಮೇಲೆ ಕೆಲಸ ಮಾಡುವವರು ಇದನ್ನು ನೆನಪಿಟ್ಟುಕೊಳ್ಳಬೇಕು, ಖರ್ಚಿಲ್ಲದ ಉಪಾಯ.

ಎಣಿಕೆ ಬಂದರೂ ಗೋಪುರ ಬಗೆಹರಿಯಲಿಲ್ಲ. ಉದ್ದನೆಯ ಗೆರೆಯಾದರೆ ಹೋದ ದಾರಿಯಲ್ಲೇ ಬರಬಹುದು. ಗೋಪುರಕ್ಕೆ ಕವಲುಗಳಿವೆ, ಒಂದೊಂದು ಅಂತಸ್ತಿಗೂ ಗೂಡುಗಳು, ಕೊಂಬೆಗಳು. ಹೋಗುವಾಗ ಕೆಲವು ಕವಲುಗಳಿಗೆ ಹೋಗಿ ಬಂದು ಮುಂದೆ ನಡೆಯಬೇಕು. ಕೆಲವನ್ನು ಬರುವಾಗ ಮಾಡೋಣವೆಂದು ಬಿಡಬೇಕು. ಅವ್ವ ಯಾವುದನ್ನು ಮಾಡಿದ್ದಳು, ಯಾವುದನ್ನು ಬಿಟ್ಟಿದ್ದಳು? ಅದು ಅವಳ ತಲೆಯಲ್ಲಿತ್ತು. ತಪ್ಪು ಕವಲಿಗೆ ಹೊಕ್ಕರೆ ನಡುದಾರಿಯಲ್ಲಿ ದಾರ ಸಿಕ್ಕಿಬೀಳುತ್ತದೆ; ಎದ್ದು ಬರಲು ಜಾಗವಿರುವುದಿಲ್ಲ. “ದಾರಿ ಇರಲಿಕ್ಕಿಲ್ಲರಿ” ಎಂದೆ. ಅಕ್ಕೋರು, “ಗವಂತಿಯಾಗ ಹೋದ ದಾರ ತಿರುಗಿ ಬರಾಕ ದಾರಿ ಇದ್ದ ಇರತೈತಿ. ಹುಡುಕು” ಎಂದು ಹೇಳಿ ಒಳಗೆ ಚಹಾಕ್ಕೆ ಇಡಲು ಹೋದರು.

ನಾನು ಗಣಿತದ ಬಿ.ಎಸ್ಸಿ. ಮಾಡಿದವಳು. ಅಂದು ಸಂಜೆ ಹಳೆಯ ಗ್ರಾಫ್ ಪುಸ್ತಕ ತೆಗೆದು, ಬಟ್ಟೆಯ ಮೇಲ್ಮೈಯ ಹೊಲಿಗೆಗಳನ್ನು ಕೆಂಪು ಪೆನ್ಸಿಲಿನಲ್ಲಿ, ಹಿಂಬದಿಯವನ್ನು ನೀಲಿಯಲ್ಲಿ ಬರೆದುಕೊಂಡೆ. ಮೂರು ಸಂಜೆ ಹಿಡಿಯಿತು. ಎರಡೂ ಬಣ್ಣ ಕೂಡಿದಲ್ಲಿ ಅವ್ವ ಹೋಗಿ ಬಂದಿದ್ದಾಳೆ. ಒಂದೇ ಬಣ್ಣವಿದ್ದಲ್ಲಿ ಬರುವುದು ಬಾಕಿ. ಬಣ್ಣವೇ ಇಲ್ಲದ ಗೂಡುಗಳನ್ನು ಬರುವಾಗಿನ ದಾರಿಗೆಂದು ಉಳಿಸಿದ್ದಾಳೆ. ಒಮ್ಮೆಲೆ ಎಲ್ಲ ತಿಳಿಯಾಯಿತು. ಬಹಳ ಕಾಲದ ಮೇಲೆ ನನಗೆ ಹೊಳೆಯಿತು, ಅಕ್ಕೋರ ಮಾತು ಗಣಿತಶಾಸ್ತ್ರದಲ್ಲಿಯೂ ಉಂಟು. ಹದಿನೆಂಟನೆಯ ಶತಮಾನದಲ್ಲಿ ಆಯ್ಲರ್ ಎಂಬ ಪಂಡಿತ ಕೋನಿಗ್ಸ್‌ಬರ್ಗ್ ಊರಿನ ಏಳು ಸೇತುವೆಗಳನ್ನು ಒಂದೊಂದೇ ಸಲ ದಾಟಿ ಬರಲಾಗದೆಂದು ತೋರಿಸಿದ. ಆದರೆ ಪ್ರತಿಯೊಂದು ಸೇತುವೆಯನ್ನೂ ಸರಿಯಾಗಿ ಎರಡೆರಡು ಸಲ ದಾಟಬಹುದೆಂದರೆ, ಎಲ್ಲವನ್ನೂ ಸುತ್ತಿ ಹೊರಟಲ್ಲಿಗೇ ಬರುವ ದಾರಿ ಯಾವಾಗಲೂ ಇರುತ್ತದೆ. ಗವಂತಿಯಲ್ಲಿ ಒಂದೊಂದು ಗೆರೆಯನ್ನೂ ದಾರ ಎರಡು ಸಲವೇ ತುಳಿಯುವುದು. ಅಕ್ಕೋರು ಆಯ್ಲರನ ಹೆಸರು ಕೇಳಿದವರಲ್ಲ. ನಾನು ಕೇಳಿದ್ದೆ, ಪರೀಕ್ಷೆಗೆ ಬರೆದೂ ಇದ್ದೆ.

ಹೀಗೆ ಗೋಪುರ ಇಳಿಯತೊಡಗಿದೆ. ಎರಡನೆಯ ಅಂತಸ್ತಿನಲ್ಲಿ ಒಂದು ಸಂಗತಿ ಕಂಡಿತು: ಅವ್ವ ಒಂದು ಕಡೆ ಮೂರು ಎಳೆಯ ಬದಲು ನಾಲ್ಕು ಎಳೆ ದಾಟಿದ್ದಳು. ಅಲ್ಲಿಂದಾಚೆ ಬಲಗಡೆಯ ಗೋಡೆ ಕೂದಲೆಳೆಯಷ್ಟು ಹೊರಕ್ಕೆ. ಅವ್ವನೂ ತಪ್ಪುತ್ತಿದ್ದಳೇ! ಬಿಚ್ಚಿ ಸರಿಮಾಡಲೇ ಎಂದು ಕೇಳಿದೆ. “ಆಕಿ ಚುಚ್ಚಿದ ತೂತಿನಾಗ ನೀ ಚುಚ್ಚು. ಬ್ಯಾರೆ ತೂತು ಮಾಡಬ್ಯಾಡ” ಎಂದರು ಅಕ್ಕೋರು. ಗೋಡೆ ಇಂದಿಗೂ ಹಾಗೆಯೇ ಇದೆ.

ಇನ್ನು ನನ್ನ ತಪ್ಪಿನ ವಿಷಯ. ಒಂದು ದಿನ ಕಳಸದ ಬಳಿ ಹಾಕಿದ್ದ ನನ್ನ ಹೊಲಿಗೆ ಸೊಟ್ಟಗಾಗಿತ್ತು. ಬಿಚ್ಚಲೆಂದು ಚೂಪು ಕತ್ತರಿಯನ್ನು ತೂರಿಸಿ ಕಚ್ಚೆಂದು ಕತ್ತರಿಸಿದೆ. ಕತ್ತರಿಸಿದ್ದು ನನ್ನ ದಾರವನ್ನಲ್ಲ, ಅವ್ವನ ದಾರವನ್ನು. ನೋಡನೋಡುತ್ತ ಅವಳ ಮೂರು ಹೊಲಿಗೆ ಸಡಿಲಿ ಮೇಲೆದ್ದು ಬಂದವು. ಅಕ್ಕೋರು ಆಗ ಒಳಗಿದ್ದರು. ಹೇಳದೆ ಕೇಳದೆ ಬಟ್ಟೆಯನ್ನು ಡಬ್ಬಿಗೆ ತುರುಕಿ ಮನೆಗೆ ಬಂದೆ. ಅವ್ವ ಹೋದ ದಿನ ಬಾರದ ಅಳು ಅಂದು ಬಂದಿತು. ಎಂಟು ದಿನ ಆ ಕಡೆ ತಲೆಹಾಕಲಿಲ್ಲ.

ಒಂಬತ್ತನೆಯ ದಿನ ಅಕ್ಕೋರೇ ಬಂದರು. ಮೊಣಕಾಲು ಹಿಡಿದುಕೊಂಡು ನಮ್ಮ ಕಟ್ಟೆ ಏರಿ ಬಂದು ಪಡಸಾಲೆಯಲ್ಲಿ ಕುಳಿತರು. ಅಪ್ಪನಿಂದ ಸಂಗತಿ ತಿಳಿದಿತ್ತೋ ಏನೋ.

“ಎಷ್ಟು ಹೊಲಿಗಿ ಬಿಟ್ಟಾವು?” ಎಂದು ಕೇಳಿದರು.

“ಮೂರ್ರಿ.”

“ಮೂರು ಹೊಲಿಗಿಗೆ ಎಂಟು ದಿನಾ ಅತ್ತಿಯೇನು? ತಾ ಇಲ್ಲೆ.”

ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಅವರು ಸಮಾಧಾನದ ಮಾತನ್ನು ಒಂದೂ ಆಡಲಿಲ್ಲ. ತುಂಡಾದ ದಾರದ ಎರಡೂ ಕಡೆ ಇನ್ನೂ ಎರಡೆರಡು ಹೊಲಿಗೆ ಬಿಚ್ಚು ಎಂದರು. ನಾನು ಗಾಬರಿಯಾದೆ. ಅಷ್ಟು ಬಿಚ್ಚದೆ ದಾರದ ತುದಿ ಉದ್ದ ಸಿಗುವುದಿಲ್ಲ, ತುದಿ ಉದ್ದವಿಲ್ಲದೆ ಅದನ್ನು ಪಕ್ಕದ ಹೊಲಿಗೆಗಳ ಅಡಿಯಲ್ಲಿ ಹಾಯಿಸಿ ಭದ್ರ ಮಾಡುವ ಹಾಗಿಲ್ಲ, ಗಂಟಂತೂ ಕೂಡದು. ಮೂರು ಹೊಲಿಗೆಗೆ ಅತ್ತವಳ ಕೈಯಿಂದಲೇ ಏಳು ಹೊಲಿಗೆ ಬಿಚ್ಚಿಸಿದರು. ನನ್ನ ಬೆರಳು ನಡುಗುತ್ತಿದ್ದಾಗಲೂ ಅವರು ಸೂಜಿಗೆ ಕೈಚಾಚಲಿಲ್ಲ. ತಮ್ಮ ಕೈಗಳನ್ನು ಸೆರಗಿನೊಳಗೆ ಸುತ್ತಿಟ್ಟುಕೊಂಡು ಕುಳಿತಿದ್ದರು. ಅದು ಅವರಿಗೆ ಎಷ್ಟು ಕಷ್ಟವಾಗಿತ್ತೆಂಬುದು, ಮುಂದೆ ನಾನೂ ನನ್ನ ಸೊಸೆಗೆ ಕಲಿಸಲು ಕುಳಿತಾಗಲೇ ತಿಳಿದದ್ದು. ಕಲಿಯುವವರ ಕೈಯಿಂದ ಸೂಜಿ ಕಸಿದುಕೊಂಡು “ಹಿಂಗ ನೋಡು” ಎನ್ನುವುದು ಎಷ್ಟು ಸುಲಭ! ನಾನು ಎಷ್ಟೋ ಸಲ ಕಸಿದುಕೊಂಡಿದ್ದೇನೆ.

ಆ ಹೊತ್ತಿಗೆ ಅವ್ವನ ಕೆಂಪು ದಾರವೂ ತೀರಿತು. ಧಾರವಾಡ, ಹುಬ್ಬಳ್ಳಿಯ ಅಂಗಡಿಗಳನ್ನೆಲ್ಲ ನನ್ನವರು ಸುತ್ತಿದರು. ಅದೇ ಬಣ್ಣ ಸಿಗಲಿಲ್ಲ. ಬಣ್ಣದ ಒಂದೊಂದು ಬಾನಿಯೂ ಒಂದೊಂದು ಛಾಯೆ ಕೊಡುತ್ತದೆ. ಸಿಕ್ಕದ್ದು ಒಂದಿಷ್ಟು ಇಟ್ಟಿಗೆ ಬಣ್ಣದತ್ತ ವಾಲಿದ ಕೆಂಪು. ಅದರಲ್ಲೇ ಇಳಿದೆ. ಆದ್ದರಿಂದ ಕುಂಚಿಗೆಯನ್ನು ಬಿಸಿಲಿಗೆ ಹಿಡಿದು ನೋಡಿದರೆ ಗೋಪುರದ ಗೆರೆಯಲ್ಲಿ ಎರಡು ಕೆಂಪು ಕಾಣುತ್ತವೆ: ಒಂದು ಹೊಲಿಗೆ ಅವ್ವನದು, ಪಕ್ಕದ್ದು ನನ್ನದು, ಮತ್ತೆ ಅವ್ವನದು, ಮತ್ತೆ ನನ್ನದು. ಬಟ್ಟೆಯನ್ನು ತಿರುವಿದರೆ, ಅವ್ವನದಿದ್ದಲ್ಲಿ ನನ್ನದು, ನನ್ನದಿದ್ದಲ್ಲಿ ಅವ್ವನದು. ಕಳಸದ ಏಳು ಮಾತ್ರ ಎರಡೂ ಕಡೆ ನನ್ನವೇ.

ಹೆರಿಗೆಗೆ ಮೊದಲೇ ಮುಗಿಸಬೇಕೆಂದಿದ್ದೆ, ಆಗಲಿಲ್ಲ. ತೊಟ್ಟಿಲಿಗೆ ಹಾಕುವ ದಿನ ಕೂಸು ಬಜಾರದ ಉಣ್ಣೆಯ ಟೊಪ್ಪಿಗೆ ಹಾಕಿಕೊಂಡೇ ಹೆಸರು ಪಡೆಯಿತು. ಕುಂಚಿಗೆ ಮುಗಿಯುವಷ್ಟರಲ್ಲಿ ಮಗನಿಗೆ ಹನ್ನೊಂದು ತಿಂಗಳು. ಹಾಕಿ ನೋಡಿದರೆ ತಲೆ ಹಿಡಿಯಲಿಲ್ಲ! ನಾನು ಮುಖ ಸಪ್ಪಗೆ ಮಾಡಿಕೊಂಡು ಅಕ್ಕೋರಿಗೆ ತೋರಿಸಲು ಹೋದೆ. ಅವರು ಎಂದಿನಂತೆ ಹಿಂಬದಿಯನ್ನು ನೋಡಿದರು, ಬೆರಳಿನಿಂದ ಸವರಿದರು. “ನಿಮ್ಮ ತಂಗಿಗೆ ಎಷ್ಟರಾಗ?” ಎಂದಷ್ಟೇ ಕೇಳಿದರು. ತಂಗಿಗೆ ಆಗ ಆರು ತಿಂಗಳು. ಹೀಗೆ ಅವ್ವ ನನ್ನ ಕೂಸಿಗೆಂದು ತೊಡಗಿದ ಕುಂಚಿಗೆಯನ್ನು ಮೊದಲು ಹಾಕಿಕೊಂಡದ್ದು ತಂಗಿಯ ಮಗಳು. ಅಲ್ಲಿಂದ ಇಲ್ಲಿಯವರೆಗೆ ಒಂಬತ್ತು ತಲೆ ಕಂಡಿದೆ.

ನಿಮ್ಮ ಗಂಟಿನಲ್ಲಿಯೂ ಇಂತಹ ವಸ್ತುವಿದ್ದರೆ ಅದನ್ನು ಇಡುವ ಬಗೆಯ ಬಗ್ಗೆ ಅಕ್ಕೋರಿಂದ ಕಲಿತದ್ದನ್ನು ಹೇಳಿಬಿಡುತ್ತೇನೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ. ಒಳಗೆ ತೇವ ನಿಂತು ಬೂಸಲು ಹಿಡಿಯುತ್ತದೆ. ಗಂಜಿಯಿಲ್ಲದ, ಒಗೆದು ಒಗೆದು ಮೆತ್ತಗಾದ ಹತ್ತಿಯ ಬಟ್ಟೆಯಲ್ಲಿ ಸುತ್ತಿಡಿ. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಬಿಟ್ಟರೆ ಅವ್ವನ ಚಂದ್ರಕಾಳಿಯಂತೆ ಅಲ್ಲೇ ಸೀಳುತ್ತದೆ. ಆಗಾಗ ಮಡಿಕೆ ಬದಲಿಸಿ, ಚಿಕ್ಕದಾದರೆ ಸುರುಳಿ ಸುತ್ತಿ. ಒಣಗಿದ ಬೇವಿನ ಎಲೆಯನ್ನು ಬೇರೆ ಚೀಲದಲ್ಲಿ ಹಾಕಿ ಪಕ್ಕದಲ್ಲಿಡಿ. ಗಾಳಿಗೆ ಹಾಕುವುದು ನೆರಳಿನಲ್ಲಿ, ಬಿಸಿಲಿನಲ್ಲಲ್ಲ. ಒಗೆಯಲೇಬೇಕಾದರೆ ಮೊದಲು ಹಸಿ ಮಾಡಿದ ಬಿಳಿ ಬಟ್ಟೆಯನ್ನು ಹಿಂಬದಿಯ ದಾರಕ್ಕೆ ಒತ್ತಿ ನೋಡಿ. ಬಣ್ಣ ಹತ್ತಿದರೆ ನೀರು ಸೋಕಿಸಬೇಡಿ. ಮತ್ತೊಂದು ಮಾತು ನನ್ನದು: ಒಂದು ಚೀಟಿಯಲ್ಲಿ ಮಾಡಿದವರ ಹೆಸರು, ಯಾರಿಗಾಗಿ, ಯಾವ ವರ್ಷ ಎಂದು ಬರೆದು ಜೊತೆಗಿಡಿ. “ಅಜ್ಜಿ ಮಾಡಿದ್ದು” ಎಂದರೆ ಎರಡು ತಲೆಮಾರಿನ ನಂತರ ಯಾವ ಅಜ್ಜಿ ಎಂದು ಯಾರು ಹೇಳಬೇಕು? ಅರ್ಧಕ್ಕೆ ನಿಂತ ಕೆಲಸವಾಗಿದ್ದರೆ ಅದರಲ್ಲಿನ ಸೂಜಿಯನ್ನು ಮಾತ್ರ ತೆಗೆದಿಡಿ. ತುಕ್ಕು ಹಿಡಿದರೆ ಆ ಕಲೆ ಹೋಗುವುದಿಲ್ಲ. ದಾರವನ್ನು ಕತ್ತರಿಸಬೇಡಿ. ಯಾರಾದರೂ ಬಂದು ಮುಂದುವರಿಸಿಯಾರು.

ಅಕ್ಕೋರು ಹೋಗಿ ಬಹಳ ವರ್ಷಗಳಾದವು. ಅವರು ನನ್ನನ್ನು ಹೊಗಳಿದ್ದು ನೆನಪಿಲ್ಲ. ಒಂದೇ ಒಂದು ಸಲ, ಕುಂಚಿಗೆ ಮುಗಿದ ಎಷ್ಟೋ ದಿನದ ಮೇಲೆ, ಅವರ ಮನೆಗೆ ಬಂದಿದ್ದ ಹುಡುಗಿಯೊಬ್ಬಳಿಗೆ ಗವಂತಿ ಬಾರದೆ ಅವಳು ಗೊಣಗುತ್ತಿದ್ದಾಗ, “ಆ ಮನಿಗೆ ಹೋಗಿ ಕೇಳು, ಆಕಿಗೆ ಬರತೈತಿ” ಎಂದು ನನ್ನ ಮನೆಯತ್ತ ಕೈತೋರಿಸಿ ಕಳಿಸಿಕೊಟ್ಟರು. ಆ ಹುಡುಗಿ ಬಾಗಿಲಲ್ಲಿ ನಿಂತು ನನ್ನನ್ನು ಅಕ್ಕೋರ ಎಂದು ಕರೆದಾಗ ನಾನು ಹಿಂತಿರುಗಿ ನೋಡಿದೆ, ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು.

ಕುಂಚಿಗೆ ಈಗ ಹುಬ್ಬಳ್ಳಿಯಲ್ಲಿದೆ, ತಂಗಿಯ ಮೊಮ್ಮಗಳ ಕೂಸಿನ ಬಳಿ. ಮೊನ್ನೆ ಆ ಹುಡುಗಿ ಫೋನು ಮಾಡಿ, ಎಡಗಡೆಯ ಕಸಿ ಕಿತ್ತಿದೆ, ಹಾಲಿನ ಕಲೆಯೂ ಒಂದು ಬಿದ್ದಿದೆ, ಅಜ್ಜಿ ಬೈಯಬೇಡ, ನೀನೇ ಸರಿಮಾಡಿಕೊಡು ಎಂದಳು. ಐತವಾರ ಮಧ್ಯಾಹ್ನ ಮೂರಕ್ಕೆ ಬಾ ಎಂದಿದ್ದೇನೆ. ಬರುವಾಗ ಸೂಜಿ ತೆಗೆದುಕೊಂಡು ಬಾ ಎಂದೂ ಹೇಳಿದ್ದೇನೆ.